ತುರ್ತು ಪಾಳಿಯ ವೈದ್ಯರಿಗೆ ‘ಕಾಲ್ಗುಣ’ ಎಂಬುದು ಇದೆಯೇ?

ಪ್ರಶ್ನೆ

ನಾನು ರಾತ್ರಿ ಪಾಳಿಗೆ ಬಂದರೆ ತುರ್ತು ರೋಗಿಗಳು ಒಬ್ಬರ ಹಿಂದೊಬ್ಬರು ಬರುತ್ತಾರೆಂಬ ಮಾತು ನಮ್ಮ ವಿಭಾಗದಲ್ಲಿ ಬೇರೂರಿಬಿಟ್ಟಿದೆ. ‘ಇವರ ಕಾಲ್ಗುಣವೇ ಹಾಗೆ’ ಎಂದು ಹಿರಿಯರೂ ಹೇಳುತ್ತಾರೆ. ಇನ್ನೊಬ್ಬ ಸಹೋದ್ಯೋಗಿಯ ಪಾಳಿಯಲ್ಲಿ ವಾರ್ಡು ಸದಾ ತಣ್ಣಗಿರುತ್ತದೆಯಂತೆ. ಈಚೆಗೆ ಪಾಳಿ ಆರಂಭವಾಗುವ ಮೊದಲೇ ನನಗೆ ಆತಂಕವಾಗುತ್ತಿದೆ. ಇದು ಬರೀ ನಂಬಿಕೆಯೇ, ಅಥವಾ ಹೊರೆಯಲ್ಲಿ ನಿಜಕ್ಕೂ ವ್ಯತ್ಯಾಸವಿರಬಹುದೇ?

ಉತ್ತರ 1

ರೋಗಿಗಳು ಒಬ್ಬರಿಗೊಬ್ಬರು ಸಂಬಂಧವಿಲ್ಲದೆ ಬರುವಾಗ ಅವರ ಸಂಖ್ಯೆ ಸುಮಾರಾಗಿ ಪಾಯ್ಸಾನ್ ವಿತರಣೆಯನ್ನು, ಅಂದರೆ ಆಕಸ್ಮಿಕ ಘಟನೆಗಳು ಒಂದು ಅವಧಿಯಲ್ಲಿ ಎಷ್ಟು ಸಲ ನಡೆಯಬಹುದೆಂದು ತಿಳಿಸುವ ಸಂಭವನೀಯತೆಯ ಲೆಕ್ಕವನ್ನು, ಅನುಸರಿಸುತ್ತದೆ. ರಾತ್ರಿಗೆ ಸರಾಸರಿ 6 ಮಂದಿ ದಾಖಲಾಗುವ ವಿಭಾಗವೆಂದುಕೊಳ್ಳಿ. ಅಲ್ಲಿ ಯಾರ ಕಾಲ್ಗುಣದ ಹಂಗೂ ಇಲ್ಲದೆ ಸುಮಾರು 12 ರಾತ್ರಿಗಳಿಗೊಮ್ಮೆ 10 ಅಥವಾ ಅದಕ್ಕಿಂತ ಹೆಚ್ಚು ರೋಗಿಗಳು ಬರುತ್ತಾರೆ. ಸುಮಾರು 16 ರಾತ್ರಿಗಳಿಗೊಮ್ಮೆ ಇಬ್ಬರಿಗಿಂತ ಹೆಚ್ಚು ಬರುವುದಿಲ್ಲ. ತಿಂಗಳಿಗೆ 5 ಪಾಳಿ ಮಾಡುವ 20 ವೈದ್ಯರಿದ್ದರೆ, ಅವರಲ್ಲಿ ಸರಾಸರಿ ಒಬ್ಬರಿಗೆ ಒಂದೇ ತಿಂಗಳಲ್ಲಿ ಅಂಥ ಭಾರದ ರಾತ್ರಿ ಎರಡು ಸಲವಾದರೂ ಎದುರಾಗುತ್ತದೆ. ಹೆಸರು ಅಂಟಿಕೊಳ್ಳಲು ಅಷ್ಟೇ ಸಾಕು; ಆಮೇಲೆ ಅದೇ ವೈದ್ಯರ ಹಗುರ ರಾತ್ರಿಗಳನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

‘ಇವತ್ತು ಶಾಂತವಾಗಿದೆ’ ಎಂದು ಬಾಯಿಬಿಟ್ಟರೆ ಕೆಲಸ ಹೆಚ್ಚುತ್ತದೆಂಬ ಭಯವನ್ನೂ ಬ್ರಿಟನ್ನಿನ ಸೂಕ್ಷ್ಮಜೀವಿಶಾಸ್ತ್ರ ವಿಭಾಗವೊಂದು ಪ್ರಯೋಗದಿಂದ ಪರೀಕ್ಷಿಸಿತ್ತು. 2019ರಲ್ಲಿ ಪ್ರಕಟವಾದ ಅದರ ಫಲಿತಾಂಶದಲ್ಲಿ ಹಾಗೆ ಹೇಳಿದ್ದರಿಂದ ಹೊರೆ ಹೆಚ್ಚಿದ್ದು ಕಾಣಲಿಲ್ಲ.

ಉತ್ತರ 2

ಲೆಕ್ಕವನ್ನು ಒಪ್ಪುತ್ತೇನೆ, ಆದರೆ ಪ್ರಶ್ನೆ ಅಲ್ಲಿಗೆ ಮುಗಿಯುವುದಿಲ್ಲ. ಸಂಜೆಯೇ ಬಂದು ಮುಗಿಯುವ 6 ರೋಗಿಗಳೂ, ರಾತ್ರಿಯಿಡೀ ಗಂಟೆಗೊಬ್ಬರಂತೆ ಬರುವ 6 ರೋಗಿಗಳೂ ದಾಖಲೆ ಪುಸ್ತಕದಲ್ಲಿ ಒಂದೇ. ಎರಡನೆಯ ರಾತ್ರಿಯಲ್ಲಿ ವೈದ್ಯರಿಗೆ ಸತತ ನಿದ್ದೆಯೇ ಇರುವುದಿಲ್ಲ. ಪ್ರತಿ ಕರೆಗೂ ಎದ್ದುಹೋಗಿ ಹಾಸಿಗೆಯ ಬಳಿ ನೋಡುವವರಿಗೂ, ಫೋನಿನಲ್ಲೇ ಸೂಚನೆ ಕೊಡುವವರಿಗೂ ಆಯಾಸ ಒಂದೇ ಬಗೆಯದಲ್ಲ. ನಿಮ್ಮ ದಣಿವು ನಿಜ, ಅದಕ್ಕೆ ಅದೃಷ್ಟವನ್ನು ಕಾರಣ ಮಾಡುವುದಷ್ಟೇ ತಪ್ಪು. ಕಾಲ್ಗುಣದ ಮಾತು ನನಗೆ ಕಳವಳ ತರುವುದೂ ಇದೇ ಕಾರಣಕ್ಕೆ: ಸಿಬ್ಬಂದಿಯ ಕೊರತೆಯನ್ನು ಅದು ಒಬ್ಬ ವ್ಯಕ್ತಿಯ ಹಣೆಬರಹವನ್ನಾಗಿ ಮಾಡಿಬಿಡುತ್ತದೆ.

ಪ್ರಶ್ನೆ ಕೇಳಿದವರು

ಹಾಗಾದರೆ ಏನನ್ನು ಬರೆದಿಡಬೇಕು?

ಉತ್ತರ 2

ದಾಖಲಾತಿಗಳ ಸಂಖ್ಯೆ, ಬಂದ ಸಮಯ, ಮಧ್ಯರಾತ್ರಿಯ ನಂತರದ ಕರೆಗಳು, ಅಡ್ಡಿಯಿಲ್ಲದೆ ಸಿಕ್ಕ ನಿದ್ದೆಯ ಅವಧಿ. ನೀವೊಬ್ಬರೇ ಬರೆದರೆ ಹೋಲಿಕೆ ಸಾಧ್ಯವಾಗದು; ಎಲ್ಲರೂ ಕೆಲವು ತಿಂಗಳು ಬರೆದು, ಪಾಳಿಪಟ್ಟಿ ಸಿದ್ಧಪಡಿಸುವವರ ಮುಂದಿಡಿ.