‘ಕೋಲ್ಡ್ ಪ್ರೆಸ್ಡ್’ ಅಂದ್ರೆ ಗಾಣದ ಎಣ್ಣೆನಾ?

ಬಾಣಲೆ_ಭಟ್ಟ: ಮೊನ್ನೆ ಒಂದು ಲೀಟರ್ ಕಡಲೆಕಾಯಿ ಎಣ್ಣೆ ತಂದೆ, 220 ರೂಪಾಯಿ. ಬಾಟಲಿ ಮೇಲೆ ಎತ್ತು ಗಾಣ ಸುತ್ತುವ ಚಿತ್ರ, ದೊಡ್ಡಕ್ಷರದಲ್ಲಿ ‘ಕೋಲ್ಡ್ ಪ್ರೆಸ್ಡ್’. ಮುಚ್ಚಳ ತೆಗೆದರೆ ಕಡಲೆಕಾಯಿ ವಾಸನೆಯೇ ಇಲ್ಲ! ಅಜ್ಜಿ ಮನೆಯಲ್ಲಿ ಗಾಣದ ಎಣ್ಣೆ ಡಬ್ಬ ತೆಗೆದರೆ ಜಗಲಿವರೆಗೂ ಘಮ ಬರುತ್ತಿತ್ತು. ಎರಡೂ ಒಂದೇನಾ?

ಸುಮ್ನೆ_ಓದುಗ: ಒಂದೇ. ಇಂಗ್ಲಿಷ್ ಹೆಸರಿಟ್ಟರೆ ರೇಟು ಜಾಸ್ತಿ, ಅಷ್ಟೇ ವ್ಯತ್ಯಾಸ.

ಚಳ್ಳಕೆರೆ_ಹೈದ: ಒಂದೇ ಅಲ್ಲ. ನಮ್ಮೂರಿಗೆ ಎಣ್ಣೆ ನಗರಿ ಅಂತಾನೇ ಹೆಸರು, ಮಿಲ್‌ಗಳ ನಡುವೆ ಬೆಳೆದವನು ನಾನು. ಗಾಣ ಅನ್ನುವುದು ಯಂತ್ರದ ಹೆಸರು. ಒರಳಿನಂಥ ಬುಡ, ಅದರೊಳಗೆ ಸುತ್ತುವ ದಿಮ್ಮಿ. ಈಗ ಎತ್ತಿನ ಬದಲು ಮೋಟಾರು. ಕೋಲ್ಡ್ ಪ್ರೆಸ್ಡ್ ಅನ್ನುವುದು ಹಿಂಡುವ ರೀತಿಯ ಹೆಸರು. ಕೋಡೆಕ್ಸ್ ಅಂತ ಅಂತರರಾಷ್ಟ್ರೀಯ ಆಹಾರ ಮಾನದಂಡ ಇದೆ. ಅದರ ಪ್ರಕಾರ ಬಿಸಿ ಕೊಡದೆ, ಬರೀ ಯಂತ್ರದಿಂದ ತೆಗೆದಿರಬೇಕು. ಆಮೇಲೆ ನೀರಲ್ಲಿ ತೊಳೆಯಬಹುದು, ತಿಳಿಯಾಗಲು ಬಿಡಬಹುದು, ಸೋಸಬಹುದು. ಗಾಣವೇ ಆಗಬೇಕು ಅಂತಿಲ್ಲ, ಕಬ್ಬಿಣದ ಮಿಷನ್ನಾದರೂ ನಡೆಯುತ್ತದೆ.

ಸುಮ್ನೆ_ಓದುಗ: ಆ ಕಬ್ಬಿಣದ ಮಿಷನ್, ಅದೇ ಎಕ್ಸ್‌ಪೆಲ್ಲರ್, ಉಜ್ಜಿ ಉಜ್ಜಿ ತಾನೇ ಬಿಸಿಯಾಗುತ್ತದಲ್ಲ? ಅದು ಎಲ್ಲಿಯ ಕೋಲ್ಡು?

ಚಳ್ಳಕೆರೆ_ಹೈದ: ಅಲ್ಲೇ ಇರುವುದು ಆಟ. ಮಾಮೂಲಿ ಎಕ್ಸ್‌ಪೆಲ್ಲರ್‌ನಿಂದ ಬರುವ ಎಣ್ಣೆಗೆ ಬೆರಳಿಟ್ಟರೆ ಸುಡುತ್ತದೆ. ನಿಧಾನ ತಿರುಗಿಸಿದರೆ ಬಿಸಿ ಕಡಿಮೆ, ಆದರೆ ಎಣ್ಣೆ ಹಿಂಡಿಯಲ್ಲೇ ಉಳಿಯುತ್ತದೆ. ಹಾಗೆ ನೋಡಿದರೆ ಗಾಣದ ಎಣ್ಣೆಯೂ ಬೆಚ್ಚಗೇ ಇರುತ್ತದೆ ಸ್ವಾಮಿ.

ಲೆಕ್ಕದಕ್ಕ: ಮಾತು ಬಿಡಿ, ಲೆಕ್ಕ ನೋಡಿ. ನಾನು ವರ್ಷಕ್ಕೆರಡು ಸಲ ಬೀಜ ಒಯ್ದು ಗಾಣದಲ್ಲಿ ಹಿಂಡಿಸುತ್ತೇನೆ. ಲೀಟರಿಗೆ ಹೆಚ್ಚುಕಡಿಮೆ ಎರಡೂವರೆ ಕೆಜಿ ಬೀಜ. ಕಳೆದ ಸಲ ಕೆಜಿಗೆ 130 ಕೊಟ್ಟೆ. ಬೀಜಕ್ಕೇ 325 ಆಯ್ತು, ಕೂಲಿ ಬೇರೆ. ಹಿಂಡಿ ದುಡ್ಡು ಕಳೆದರೂ 220 ಹೇಗೆ ಗಿಟ್ಟುತ್ತದೆ?

ಸುಮ್ನೆ_ಓದುಗ: ಕಂಪನಿಯವರು ಸುಗ್ಗಿಯಲ್ಲಿ ಲೋಡುಗಟ್ಟಲೆ ಕೊಳ್ಳುತ್ತಾರೆ ಅಕ್ಕ, ನಿಮ್ಮ ರೇಟು ಅವರಿಗಿರಲ್ಲ. ಅಗ್ಗ ಅಂದಮಾತ್ರಕ್ಕೆ ಮೋಸ ಅನ್ನೋಕಾಗುತ್ತಾ?

ಲೆಕ್ಕದಕ್ಕ: ಸರಿ, ಒಪ್ಪಿದೆ. ವಾಸನೆ ಎಲ್ಲಿ ಹೋಯ್ತು ಹಾಗಾದರೆ?

ಲ್ಯಾಬ್_ಕೋಟು: ವಾಸನೆ ಅಷ್ಟು ಪೂರ್ತಿ ಹೋಗುವುದು ರಿಫೈನರಿಯಲ್ಲಿ. ಕ್ಷಾರ ಹಾಕಿ ಹುಳಿ ಅಂಶ ತೆಗೆಯುತ್ತಾರೆ, ಬಣ್ಣ ತೆಗೆಯುತ್ತಾರೆ, ಕೊನೆಗೆ 200 ಡಿಗ್ರಿ ದಾಟಿದ ಬಿಸಿಯಲ್ಲಿ ಹಬೆ ಹಾಯಿಸುತ್ತಾರೆ. ಈ ಬಾಟಲಿಗೆ ಏನಾಗಿದೆಯೋ ಪರೀಕ್ಷೆ ಮಾಡದೆ ಹೇಳಲ್ಲ. ಹಾಗಂತ ಗಾಣ ಅಂದ ಕೂಡಲೇ ಕೈ ಮುಗಿಯಬೇಡಿ. ಬೂಸಲು ಹಿಡಿದ ಬೀಜದಲ್ಲಿ ಅಫ್ಲಾಟಾಕ್ಸಿನ್ ಅನ್ನುವ ವಿಷ ಇರಬಹುದು. ರಿಫೈನ್ ಮಾಡುವಾಗ ಅದು ಬಹುಪಾಲು ಹೋಗುತ್ತದೆ. ಗಾಣದ ಎಣ್ಣೆಯಲ್ಲಿ ಉಳಿದುಬಿಡಬಹುದು. ಬೀಜ ಹೇಗಿತ್ತು ಅಂತ ‘ಕೋಲ್ಡ್ ಪ್ರೆಸ್ಡ್’ ಹೇಳುವುದೇ ಇಲ್ಲ.

ಸುಮ್ನೆ_ಓದುಗ: ‘ಕೊಲೆಸ್ಟರಾಲ್ ಇಲ್ಲ’ ಅಂತಲೂ ಬರೆದಿರಬೇಕಲ್ಲ? ಗಿಡದ ಎಣ್ಣೆಯಲ್ಲಿ ಅದು ಲೆಕ್ಕಕ್ಕೆ ಬರುವಷ್ಟು ಇರೋದೇ ಇಲ್ಲ. ಬಾಳೆಹಣ್ಣಿನ ಮೇಲೆ ‘ಮೂಳೆ ಇಲ್ಲ’ ಅಂತ ಚೀಟಿ ಅಂಟಿಸಿದ ಹಾಗೆ.

ಬಾಣಲೆ_ಭಟ್ಟ: ಈಗ ಬಾಟಲಿ ತಿರುಗಿಸಿ ತಿರುಗಿಸಿ ಓದಿದೆ. ಕೊಲೆಸ್ಟರಾಲ್ ಇಲ್ಲ ಅಂತಿದೆ, ಪಕ್ಕದಲ್ಲೊಂದು ಹಸಿರು ಎಲೆ. ‘ಗಾಣ’ ಅನ್ನುವ ಪದ ಮಾತ್ರ ಎಲ್ಲೂ ಇಲ್ಲ. ಎತ್ತು ಇದೆ, ಅಷ್ಟೆ. ಅಕ್ಕಾ, ಮುಂದಿನ ಸಲ ಹಿಂಡಿಸುವಾಗ ನನ್ನದೂ ಐದು ಕೆಜಿ ಸೇರಿಸಿಕೊಳ್ಳುತ್ತೀರಾ?

ಲೆಕ್ಕದಕ್ಕ: ಬನ್ನಿ. ಬೀಜ ನೀವೇ ಆರಿಸಿ ತನ್ನಿ, ಕಪ್ಪಾದದ್ದು, ಮುಗ್ಗಿದ್ದು ಬೇಡ. ಡಬ್ಬ ಒಣಗಿರಲಿ.