ಅಪ್‌ಡೇಟ್: ಸಿಎನ್‌ಆರ್‌ಎನ್ ಪಾಸಾದೆ!

ನ್ಯೂರೋ ನರ್ಸಿಂಗ್‌ನ (ಮೆದುಳು, ನರಗಳ ತೊಂದರೆ ಇರೋ ರೋಗಿಗಳ ಆರೈಕೆ) ಸಿಎನ್‌ಆರ್‌ಎನ್ ಸರ್ಟಿಫಿಕೇಟ್ ಪರೀಕ್ಷೆಗೆ ಒಬ್ಬಳೇ ಓದಲೋ, ಗುಂಪು ಕಟ್ಟಲೋ ಅಂತ ಕೇಳಿದ್ದೆ. ಗುಂಪು ಕಟ್ಟಿದೆವು, ಪಾಸೂ ಆದೆ. ಸಲಹೆ ಕೊಟ್ಟ ಎಲ್ಲರಿಗೂ ತುಂಬಾ ಥ್ಯಾಂಕ್ಸ್.

ಜಾಸ್ತಿ ಉಪಯೋಗಕ್ಕೆ ಬಂದಿದ್ದು ಕೇಸ್ ಹೇಳಿ ಪ್ರಶ್ನೆ ಕೇಳಿಕೊಂಡಿದ್ದು. ಒಬ್ಬರು "ಬಿಪಿ 190/70, ನಾಡಿ 48, ಉಸಿರಾಟ ಏರುಪೇರು" ಅಂದರೆ, ಇನ್ನೊಬ್ಬರು ಕುಶಿಂಗ್ ಟ್ರಯಾಡ್ (ಈ ಮೂರು ಲಕ್ಷಣ ಒಟ್ಟಿಗೆ ಕಾಣೋದು) ಅಂತ ಗುರುತಿಸಬೇಕು. ಅಷ್ಟೇ ಸಾಲದು, ಯಾಕೆ ಅಂತಲೂ ಹೇಳಬೇಕು. ತಲೆಯೊಳಗಿನ ಒತ್ತಡ ಏರಿ ಬ್ರೈನ್‌ಸ್ಟೆಮ್ (ಮೆದುಳಿನ ಕಾಂಡ) ಮೇಲೆ ಬೀಳ್ತಿದೆ ಅಂತ ಒಮ್ಮೆ ಬಾಯಿಬಿಟ್ಟು ವಿವರಿಸಿದರೆ ಮರೆಯೋದೇ ಇಲ್ಲ. ಸಿಪಿಪಿ (ಮೆದುಳಿಗೆ ರಕ್ತ ತಳ್ಳುವ ಒತ್ತಡ) ಅಂದರೆ ಎಂಎಪಿಯಿಂದ (ಸರಾಸರಿ ಬಿಪಿ) ಐಸಿಪಿ (ತಲೆಯೊಳಗಿನ ಒತ್ತಡ) ಕಳೆಯೋದು, ಅದನ್ನೂ ಹೀಗೇ ಕಲಿತೆವು. ಮೆದುಳಿನಿಂದ ನೇರ ಹೊರಡುವ 12 ಕ್ರೇನಿಯಲ್ ನರಗಳನ್ನು ಮಾತ್ರ ಸುಮ್ನೆ ಬಾಯಿಪಾಠ ಮಾಡಿದೆವು, ಬೇರೆ ದಾರಿ ಇಲ್ಲ ಅಲ್ವಾ?

ಗುಂಪು ಮುಂದುವರಿಯುತ್ತಿದೆ. ಇನ್ನಿಬ್ಬರು ಮುಂದಿನ ಸಲ ಬರೆಯುತ್ತಿದ್ದಾರೆ.