ನುನ್ ಶಿಖರಕ್ಕೆ (7,135 ಮೀ.) 16 ದಿನದ ರಜೆ ಸಾಕೇ?

ತುಂಗಾತೀರದವನು:
ನಾವು ನಾಲ್ವರು. ಮೂವರು ಉತ್ತರಕಾಶಿಯ ನೆಹರು ಪರ್ವತಾರೋಹಣ ಸಂಸ್ಥೆಯಲ್ಲಿ ಬೇಸಿಕ್ ಕೋರ್ಸ್ ಮುಗಿಸಿದ್ದೇವೆ; ವಾರಾಂತ್ಯಗಳಲ್ಲಿ ರಾಮನಗರದ ಬಂಡೆ ಹತ್ತುತ್ತೇವೆ. ಬರುವ ಆಗಸ್ಟ್‌ನಲ್ಲಿ ಲಡಾಖಿನ ಸುರು ಕಣಿವೆಯಿಂದ ನುನ್ ಏರುವ ಆಸೆ. ಕಚೇರಿಯಲ್ಲಿ 16 ದಿನ ರಜೆ ಸಿಗುತ್ತದೆ. ಬೆಂಗಳೂರಿನಿಂದ ವಿಮಾನದಲ್ಲಿ ಲೇಹ್, ಮರುದಿನ ಕಾರ್ಗಿಲ್, ಅದರ ಮರುದಿನ ತಾಂಗೋಲ್, ಅಲ್ಲಿಂದ ಬೇಸ್ ಕ್ಯಾಂಪ್. ಈ ಯೋಜನೆ ಸರಿಯಿದೆಯೇ?

ಹಿಮಗಾಲು:
ಲೇಹ್ 3,500 ಮೀಟರ್ ಎತ್ತರದಲ್ಲಿದೆ, ಕಾರ್ಗಿಲ್ 2,700ರ ಆಸುಪಾಸು. ಒಮ್ಮೆಲೇ ಮೇಲಕ್ಕೆ ಹಾರಿ, ತಲೆನೋವು ಹಚ್ಚಿಕೊಂಡು, ಮತ್ತೆ ಕೆಳಗಿಳಿಯುವುದು ಯಾವ ಪುರುಷಾರ್ಥಕ್ಕೆ? ಶ್ರೀನಗರಕ್ಕೆ ಹೋಗಿ, ಸೋನಮಾರ್ಗ್ ಮತ್ತು ಜೋಜಿ ಲಾ ಮೂಲಕ ರಸ್ತೆಯಲ್ಲೇ ಕಾರ್ಗಿಲ್ ಸೇರಿ. ದೇಹ ಹಂತ ಹಂತವಾಗಿ ಒಗ್ಗಿಕೊಳ್ಳುತ್ತದೆ.

3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗದ ಎತ್ತರ ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಬಾರದು. ಮೂರು ನಾಲ್ಕು ದಿನಕ್ಕೊಮ್ಮೆ ಪೂರ್ತಿ ವಿಶ್ರಾಂತಿ ಬೇಕು. ಇದರ ಮೇಲೆ, ಮೇಲಿನ ಶಿಬಿರಕ್ಕೆ ಸಾಮಾನು ಸಾಗಿಸಿ ಕೆಳಗೆ ಬಂದು ಮಲಗುವ ದಿನಗಳಿವೆ. ಹಿಮ ಬೀಳತೊಡಗಿದರೆ ಡೇರೆಯೊಳಗೆ ಸುಮ್ಮನೆ ಕೂರುವ ದಿನಗಳೂ ಇವೆ. ಲಡಾಖ್ ಮಳೆನೆರಳಿನ ನಾಡು ಎಂದು ಓದಿ ನಂಬಿಬಿಡಬೇಡಿ. ನುನ್ ಇರುವುದು ಹಿಮಾಲಯದ ಮುಖ್ಯ ಶ್ರೇಣಿಯಲ್ಲೇ. ಶ್ರೀನಗರ ಬಿಟ್ಟು ಶ್ರೀನಗರ ಸೇರಲು ಮೂರೂವರೆ ವಾರ ಕೈಯಲ್ಲಿಲ್ಲದಿದ್ದರೆ ನಾನಂತೂ ಹೊರಡುವುದಿಲ್ಲ.

ಈಗಲೂ ಹೆಚ್ಚಿನ ತಂಡಗಳು ಹಿಡಿಯುವುದು ಪಶ್ಚಿಮ ಏಣಿನ ದಾರಿಯನ್ನು. 1953ರಲ್ಲಿ ಕ್ಲೋಡ್ ಕೋಗನ್ ಮತ್ತು ಪಿಯರ್ ವಿತ್ತೋಜ್ ಮೊದಲ ಬಾರಿ ಶಿಖರ ಮುಟ್ಟಿದ್ದೂ ಅತ್ತಲಿಂದಲೇ. ಎಲ್ಲರೂ ಹೋಗುತ್ತಾರೆಂದ ಮಾತ್ರಕ್ಕೆ ಅದು ಸುಲಭವಲ್ಲ. ಹೊಸ ಹಿಮ ಕೂತರೆ ಆ ಇಳಿಜಾರುಗಳಿಗೆ ಕಾಲಿಡಲೇಬಾರದು.

ಅನುಮತಿಗಾಗಿ ದೆಹಲಿಯ ಭಾರತೀಯ ಪರ್ವತಾರೋಹಣ ಪ್ರತಿಷ್ಠಾನಕ್ಕೆ ಈಗಲೇ ಬರೆಯಿರಿ. ಇಲ್ಲಿನ ಪ್ರೀಪೇಯ್ಡ್ ಸಿಮ್ ಅಲ್ಲಿ ನಡೆಯುವುದಿಲ್ಲ, ಪೋಸ್ಟ್‌ಪೇಯ್ಡ್ ಇರಲಿ. ವಿದೇಶದಲ್ಲಿರುವ ಗೆಳೆಯರು ಕೊಟ್ಟರೆಂದು ಉಪಗ್ರಹ ಫೋನ್ ಒಯ್ಯಬೇಡಿ. ದೂರಸಂಪರ್ಕ ಇಲಾಖೆಯ ಅನುಮತಿಯಿಲ್ಲದೆ ಅದನ್ನು ಇಟ್ಟುಕೊಳ್ಳುವುದೇ ಅಪರಾಧ.

ಅಂದಹಾಗೆ, ನಾಲ್ವರಲ್ಲಿ ಮೂವರು ಎಂದಿರಿ. ನಾಲ್ಕನೆಯವರು?

ಮಾತ್ರೆಪೆಟ್ಟಿಗೆ:
ವೈದ್ಯೆಯಾಗಿ ಒಂದು ಮಾತು. ಎತ್ತರದ ಕಾಯಿಲೆ ತಡೆಯಲು ಕೊಡುವ ಡಯಮಾಕ್ಸ್ ಮಾತ್ರೆ ಸಾಮಾನ್ಯವಾಗಿ 125 ಮಿ.ಗ್ರಾಂ., ದಿನಕ್ಕೆರಡು ಬಾರಿ, ಏರುವ ಹಿಂದಿನ ದಿನದಿಂದ. ಸಲ್ಫಾ ಅಲರ್ಜಿ ಇದ್ದವರು ಮೊದಲು ನಿಮ್ಮ ವೈದ್ಯರನ್ನು ಕೇಳಿ. ಕೂತಲ್ಲೇ ಏದುಸಿರು ಬಂದರೆ, ನೇರ ಗೆರೆಯ ಮೇಲೆ ನಡೆಯಲಾಗದೆ ತೂರಾಡಿದರೆ, ನಡುರಾತ್ರಿಯಾದರೂ ಕೆಳಗಿಳಿಸಿ. ಮಾತ್ರೆ ನುಂಗಿಸಿ ಬೆಳಗಿನವರೆಗೆ ನೋಡೋಣ ಎನ್ನಬೇಡಿ.

ತುಂಗಾತೀರದವನು:
ನಾಲ್ಕನೆಯವನು ನನ್ನ ಭಾವಮೈದುನ, ಕುಮಾರಪರ್ವತ ಬಿಟ್ಟರೆ ಬೇರೆ ಬೆಟ್ಟ ಕಂಡವನಲ್ಲ. ಬೇಸ್ ಕ್ಯಾಂಪಿನಲ್ಲಿ ಅಡುಗೆ ನೋಡಿಕೊಳ್ಳುತ್ತೇನೆ ಎನ್ನುತ್ತಾನೆ. ರಜೆ ಹೆಚ್ಚಿಸಲು ಸಾಧ್ಯವಿಲ್ಲ. ಈ ವರ್ಷ ಮಾರ್ಖಾ ಕಣಿವೆಯ ಕಾಂಗ್ ಯಾತ್ಸೆ-2 ಆಗಬಹುದೇ?

ಹಿಮಗಾಲು:
ಧಾರಾಳವಾಗಿ. 6,250 ಮೀಟರ್, 16 ದಿನಕ್ಕೆ ಹೊಂದುತ್ತದೆ. ಅದಕ್ಕಾದರೆ ಲೇಹ್‌ಗೇ ಹಾರಿ, ಆದರೆ ಮೊದಲೆರಡು ದಿನ ಮಹಡಿ ಹತ್ತುವುದನ್ನೂ ಕಡಿಮೆ ಮಾಡಿ. ಅಲ್ಲಿಗೂ ಪ್ರತಿಷ್ಠಾನದ ಅನುಮತಿ ಬೇಕು. ಭಾವಮೈದುನನಿಗೆ ಹೇಳಿ, 5,000 ಮೀಟರಿನಲ್ಲಿ ನೀರು ಸುಮಾರು 83 ಡಿಗ್ರಿಗೇ ಕುದಿಯುತ್ತದೆ. ತೆರೆದ ಪಾತ್ರೆಯಲ್ಲಿ ಬೇಳೆ ಬೇಯುವುದಿಲ್ಲ.

ತುಂಗಾತೀರದವನು:
ಮೂರು ಲೀಟರಿನ ಕುಕ್ಕರ್ ಸಾಕೇ?

ಹಿಮಗಾಲು:
ನಾಲ್ವರಿಗೆ ಐದು ಲೀಟರಿನದು. ಗ್ಯಾಸ್ಕೆಟ್ ಎರಡಿರಲಿ.